ಕಾಲೇಜಿನ ಹೊರಗೆ ಕಲಿಯುವವರ ಪರವಾಗಿ ಗ್ರಂಥಾಲಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು,
ಸಾರ್ವಜನಿಕ ಗ್ರಂಥಾಲಯ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಾಗೂ ರಾಜ್ಯದ ವಿಶ್ವವಿದ್ಯಾನಿಲಯಗಳ ಕುಲಪತಿಗಳಿಗೆ.

ವಿಷಯ: ವಿಶ್ವವಿದ್ಯಾನಿಲಯದ ಹೊರಗಿದ್ದು ಸ್ವಂತವಾಗಿ ಕಲಿಯುವವರಿಗೆ ನಂಬಬಹುದಾದ, ಕೈಗೆಟುಕುವ ಕಲಿಕಾ ಸಾಮಗ್ರಿಯನ್ನು ಗ್ರಂಥಾಲಯಗಳ ಮೂಲಕ ಒದಗಿಸುವ ಬಗ್ಗೆ.

ಮಾನ್ಯರೇ,

ಪಿಯುಸಿಗೋ ಐಟಿಐಗೋ ಓದು ನಿಲ್ಲಿಸಿ ದುಡಿಮೆಗೆ ಇಳಿದವರು, ಮದುವೆಯ ಕಾರಣಕ್ಕೆ ಪದವಿಯನ್ನು ಅರ್ಧಕ್ಕೆ ಬಿಟ್ಟವರು, ಇರುವ ಕೆಲಸವನ್ನು ಬಿಡಲಾಗದೆ ರಾತ್ರಿ ಹೊತ್ತು ಹೊಸದೊಂದು ವಿದ್ಯೆ ಕಲಿಯಬೇಕೆಂದಿರುವವರು ರಾಜ್ಯದ ಪ್ರತಿಯೊಂದು ತಾಲ್ಲೂಕಿನಲ್ಲೂ ಇದ್ದಾರೆ. ಇವರ ಹೆಸರು ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇಲ್ಲವಾದ್ದರಿಂದ ಇವರ ಕಲಿಕೆ ಯಾವ ಇಲಾಖೆಯ ಹೊಣೆಯೂ ಆಗಿಲ್ಲ. ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನ ಶಿಕ್ಷಕನಾಗಿದ್ದು ನಿವೃತ್ತನಾಗಿರುವ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು: “ಸರ, ಇದನ್ನ ಎಲ್ಲಿ ಓದಬೇಕ್ರಿ? ಯಾವುದು ಖರೇ, ಯಾವುದು ಬರೇ ರೊಕ್ಕದ ಆಟ ಅಂತ ನಮಗ ಹ್ಯಾಂಗ ತಿಳೀಬೇಕು?” ಈ ಪ್ರಶ್ನೆಗೆ ಉತ್ತರ ಹೇಳುವ ಸಂಸ್ಥೆ ಸಾರ್ವಜನಿಕ ಗ್ರಂಥಾಲಯವೇ ಆಗಬೇಕು, ಅದಕ್ಕೆ ಬೇಕಾದ ಕಾನೂನು, ಹಣದ ಮೂಲ ಮತ್ತು ಕಟ್ಟಡಗಳು ಈಗಾಗಲೇ ಇವೆ ಎಂದು ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಓದುವುದಕ್ಕೆ ಸಾಮಗ್ರಿಯೇ ಇಲ್ಲವೆಂದು ದೂರುವ ಕಾಲ ಮುಗಿದಿದೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಎಂಜಿನಿಯರಿಂಗ್ ಮತ್ತು ವಿಜ್ಞಾನದ ಪೂರ್ಣ ಪಾಠಸರಣಿಗಳು ಉಚಿತವಾಗಿ ಸಿಗುತ್ತವೆ. 2017ರಲ್ಲಿ ಬಂದ, ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ವೇದಿಕೆಯಲ್ಲಿ ಕಲೆ ಮತ್ತು ವಾಣಿಜ್ಯದ ವಿಷಯಗಳೂ ಇವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪಠ್ಯಗಳನ್ನು ಅಲ್ಲಿ ದಾಖಲಾಗದವರೂ ಅದರ ಇ-ಜ್ಞಾನಕೋಶ ಜಾಲತಾಣದಲ್ಲಿ ಓದಬಹುದು. ಎನ್‌ಸಿಇಆರ್‌ಟಿ ಮತ್ತು ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಐಐಟಿ ಬಾಂಬೆಯಲ್ಲಿ ಆರಂಭವಾದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಕಂಪ್ಯೂಟರ್ ತಂತ್ರಾಂಶಗಳ ಕಿರುಪಾಠಗಳನ್ನು ಕನ್ನಡ ಧ್ವನಿಯಲ್ಲಿಯೂ ಕೊಡುತ್ತಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟು ಮತ್ತು ಪರಿಭಾಷಾ ಕೋಶಗಳಿವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದ ಸಂಪದದಲ್ಲಿ ಕನ್ನಡಕ್ಕೆ ತಂದ ಲೇಖನಗಳು ಮುಕ್ತವಾಗಿ ದೊರೆಯುತ್ತವೆ. ತಮ್ಮ ಇಲಾಖೆಯೇ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ತೆರೆದಿದೆ. ಇಷ್ಟನ್ನೂ ಒಟ್ಟಿಗೆ ಬಲ್ಲವರು ನಮ್ಮ ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ, ಅವರೆಲ್ಲರೂ ಕಾಲೇಜಿನ ಒಳಗಿರುವವರೇ ಎಂಬುದು ಬೇರೆ ಮಾತು.

ಸಾಮಗ್ರಿ ಇದ್ದೂ ಕಲಿಯುವುದು ಏಕೆ ಕಷ್ಟವಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ದುಡಿಯುತ್ತಾನೆ. ಸುಟ್ಟುಹೋದ ಮೋಟಾರಿನ ಹಳೆಯ ತಂತಿಯನ್ನು ಕಿತ್ತು, ಸ್ಲಾಟ್ ಎಣಿಸಿ, ತಂತಿಯ ಗೇಜ್ ಅಳೆದು, ಅಷ್ಟೇ ಸುತ್ತಿನ ಕಾಯಿಲ್ ಕಟ್ಟಿ ಕೂರಿಸುವುದು ಅವನಿಗೆ ಕೈಗೂಡಿದ ಕೆಲಸ. ಅವನು ಕೇಳಿದ್ದು ಇಷ್ಟೇ: ನಾಲ್ಕು ಪೋಲಿನ (ಕಾಂತ ಧ್ರುವದ) ಮೋಟಾರಿನ ವೇಗ ಲೆಕ್ಕದ ಪ್ರಕಾರ ನಿಮಿಷಕ್ಕೆ 1500 ಸುತ್ತು ಬರಬೇಕು, ಆದರೆ ಮೋಟಾರಿನ ಪ್ಲೇಟಿನ ಮೇಲೆ 1440 ಎಂದೇ ಏಕೆ ಬರೆದಿರುತ್ತಾರೆ? ಮೊಬೈಲಿನಲ್ಲಿ ಹುಡುಕಿದಾಗ ಅವನಿಗೆ ಸಿಕ್ಕ ಕನ್ನಡದ ವಿಡಿಯೊ, ಬೇರಿಂಗಿನ ಘರ್ಷಣೆಯಿಂದ ಅಷ್ಟು ವೇಗ ಕಡಿಮೆಯಾಗುತ್ತದೆ ಎಂದು ಬಹಳ ವಿಶ್ವಾಸದಿಂದ ಹೇಳುತ್ತಿತ್ತು. ವಿಷಯ ಹಾಗಿಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಪೋಲಿನ ಸ್ಟೇಟರ್, ಅಂದರೆ ಮೋಟಾರಿನ ತಿರುಗದ ಭಾಗ, ಉಂಟುಮಾಡುವ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಒಳಗೆ ತಿರುಗುವ ಭಾಗವಾದ ರೋಟರ್ ಕೂಡ ಅದೇ ವೇಗದಲ್ಲಿ ತಿರುಗಿದರೆ ಅದರ ಸರಳುಗಳನ್ನು ಕಾಂತಕ್ಷೇತ್ರ ಹಾಯುವುದೇ ಇಲ್ಲ. ಹಾಯದಿದ್ದರೆ ರೋಟರಿನಲ್ಲಿ ಕರೆಂಟ್ ಹುಟ್ಟುವುದಿಲ್ಲ, ಕರೆಂಟ್ ಇಲ್ಲದೆ ತಿರುಗಿಸುವ ಬಲವೂ ಇಲ್ಲ. ಆದ್ದರಿಂದ ರೋಟರ್ ಸ್ವಲ್ಪ ಹಿಂದೆ ಬೀಳಲೇಬೇಕು, ಹೊರೆ ಹೆಚ್ಚಿದಷ್ಟೂ ಇನ್ನಷ್ಟು ಹಿಂದೆ ಬೀಳುತ್ತದೆ. ಪೂರ್ಣ ಹೊರೆಯಲ್ಲಿ ಆ 60 ಸುತ್ತಿನ ವ್ಯತ್ಯಾಸ, ಅಂದರೆ ಶೇ 4, ಅದರ ಸ್ಲಿಪ್.

ಇದು ತಿಳಿಯುವುದಕ್ಕೆ ಅವನು ಎಲ್ಲೆಲ್ಲಿ ಅಲೆಯಬೇಕಾಯಿತು ನೋಡಿ. ಪಿಯುಸಿಯ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯೂ ಪರ್ಯಾಯ ವಿದ್ಯುತ್ತೂ ಇವೆ, ಆದರೆ ಅವನು ಕೇಳಿದಂಥ ಇಂಡಕ್ಷನ್ ಮೋಟಾರ್ ಬರುವ ಹೊತ್ತಿಗೆ ಪುಸ್ತಕ ಮುಗಿದಿರುತ್ತದೆ. ಅವನ ಕೈಗೆ ಸಿಕ್ಕ ಡಿಪ್ಲೊಮಾದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮೂಲ ವಿದ್ಯುತ್ ತಂತ್ರಜ್ಞಾನದ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಉತ್ತಮ ಪಾಠಸರಣಿಯೊಂದು ಎನ್‌ಪಿಟಿಇಎಲ್‌ನಲ್ಲಿದೆ. ಅದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಗೊತ್ತಿರುವ ಗಣಿತವನ್ನು ಗೊತ್ತಿದೆಯೆಂದೇ ತಿಳಿದು ಹೊರಡುತ್ತದೆ. ನಡುವೆ ಇರುವ ಸೇತುವೆಯೆಂದರೆ ಐಟಿಐ ಎಲೆಕ್ಟ್ರಿಷಿಯನ್ ವೃತ್ತಿಯ ಸಿದ್ಧಾಂತ ಪುಸ್ತಕ. ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಸಿದ್ಧಪಡಿಸುವ ಈ ಬಗೆಯ ಪುಸ್ತಕಗಳ ಹೆಸರನ್ನು ಆ ಹುಡುಗ ಕೇಳಿಯೇ ಇರಲಿಲ್ಲ. ಹತ್ತನೆಯ ತರಗತಿಯ ಒಂದು ಅಧ್ಯಾಯ, ದ್ವಿತೀಯ ಪಿಯುಸಿಯ ಎರಡು ಅಧ್ಯಾಯ, ಆಮೇಲೆ ಐಟಿಐ ಪುಸ್ತಕದ ಮೋಟಾರ್ ಭಾಗ, ಕೊನೆಗೆ ಬೇಕಿದ್ದರೆ ಎನ್‌ಪಿಟಿಇಎಲ್ ಎಂದು ನಾನು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಹಾಳೆಗೆ ತಗುಲಿದ ಖರ್ಚು ಏನೂ ಇಲ್ಲ. ಮುಂದಿನ ಮಳೆಗಾಲದಲ್ಲಿ, ಅಂಗಡಿಗೆ ಪಂಪ್‌ಸೆಟ್ಟುಗಳು ಕಡಿಮೆ ಬರುವ ದಿನಗಳಲ್ಲಿ, ಅವನು ಅಷ್ಟನ್ನೂ ಓದಿ ಮುಗಿಸಿದ.

ಹೀಗೆ ಒಂದು ಹಾಳೆಯಲ್ಲಿ ಹಿಡಿಯುವ ಮಾರ್ಗದರ್ಶನ ಸಿಗದವರು ಏನು ಮಾಡುತ್ತಾರೆ? ಹಣ ಕೊಡುತ್ತಾರೆ. ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಹೆಣ್ಣುಮಗಳೊಬ್ಬಳು ಲೆಕ್ಕಪತ್ರ ಮತ್ತು ಜಿಎಸ್‌ಟಿ ಕಲಿತು ಮೇಲಿನ ಕೆಲಸಕ್ಕೆ ಹೋಗಬೇಕೆಂದು ಆಸೆಪಟ್ಟು, ಫೋನಿನಲ್ಲಿ ಬಂದ ಕರೆಯನ್ನು ನಂಬಿ, ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿದಳು. ತಿಂಗಳ ಕಂತು ಎಂದು ಹೇಳಿದ್ದನ್ನು ಅವಳು ಶುಲ್ಕದ ಕಂತು ಎಂದುಕೊಂಡಿದ್ದಳು. ಒಟಿಪಿ ಹೇಳಿದ ಮೇಲೆ ತಿಳಿದದ್ದು, ಅದು ಹಣಕಾಸು ಕಂಪನಿಯೊಂದು ಅವಳ ಹೆಸರಿನಲ್ಲಿ ಕೊಟ್ಟ ಸಾಲವೆಂದು. ಪಾಠ ಇಂಗ್ಲಿಷಿನಲ್ಲಿದ್ದು ಅರ್ಥವಾಗದೆ ಬಿಟ್ಟ ಮೇಲೂ ಕಂತು ನಿಲ್ಲಲಿಲ್ಲ. ಅವಳಿಗೆ ನಿಜವಾಗಿ ಬೇಕಾಗಿದ್ದುದರಲ್ಲಿ ಬಹುಪಾಲು ಪುಕ್ಕಟೆ ಸಿಗುವಂಥದ್ದು: ಜಮಾ ಖರ್ಚಿನ ಮೂಲ ತತ್ವಗಳು ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿವೆ, ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆ ಬಳಸುವುದನ್ನು ಸ್ಪೋಕನ್ ಟ್ಯುಟೋರಿಯಲ್‌ನ ಲಿಬ್ರೆ ಆಫೀಸ್ (ಕಚೇರಿ ಕೆಲಸದ ಉಚಿತ ತಂತ್ರಾಂಶ) ಪಾಠಗಳು ಕನ್ನಡದಲ್ಲಿಯೇ ಹೇಳಿಕೊಡುತ್ತವೆ, ಜಿಎಸ್‌ಟಿಯ ಕಾಯ್ದೆ ಮತ್ತು ನಿಯಮಗಳು ಸರ್ಕಾರದ ಜಾಲತಾಣದಲ್ಲಿಯೇ ಇವೆ. ಆ ಕಿರುಪಾಠಗಳ ರೀತಿಯೂ ಅವಳಂಥವರಿಗೆ ಹೊಂದುವಂಥದ್ದು. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ತಂತ್ರಾಂಶ ತೆರೆದಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡಿ ನೋಡುತ್ತ ಮುಂದುವರಿಯಬೇಕು.

ಸರ್ಕಾರ ಇಂಥ ಮೋಸಗಳನ್ನು ಕಂಡೂ ಸುಮ್ಮನಿದೆ ಎಂದು ನಾನು ಹೇಳುತ್ತಿಲ್ಲ. ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ, ದೂರು ಹೇಳಿಕೊಳ್ಳಲು 1915 ಸಹಾಯವಾಣಿ ಇದೆ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಪ್ರಕಟಿಸುತ್ತ ಬಂದಿದೆ. ಆದರೆ ಇವೆಲ್ಲವೂ ಯಾವುದರ ಹತ್ತಿರ ಹೋಗಬಾರದು ಎಂದು ಹೇಳುತ್ತವೆ. ಯಾವುದನ್ನು ಮೊದಲು ಓದಬೇಕು, ಯಾವುದು ಸರಿ, ಯಾವುದು ಹಳತಾಗಿದೆ, ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು ಎಂದು ಹೇಳುವ ಅಧಿಕೃತ ಜಾಗ ಕನ್ನಡದಲ್ಲಿ ನನಗೆ ಕಂಡಿಲ್ಲ.

ಆ ಜಾಗ ಗ್ರಂಥಾಲಯವೇ ಏಕೆ ಆಗಬೇಕೆಂದರೆ, ಅದನ್ನು ನಡೆಸುವ ಹಣವನ್ನು ಕಲಿಯುವವರೂ ಕೊಡುತ್ತಿದ್ದಾರೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಪಟ್ಟಣಗಳಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಉಪಕರ ವಸೂಲಾಗುತ್ತದೆ. ಬಾಡಿಗೆ ಮನೆಯಲ್ಲಿ ಇರುವವನೂ ಅದನ್ನು ಬಾಡಿಗೆಯ ಮೂಲಕ ಕಟ್ಟುತ್ತಾನೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಉಪಕರವನ್ನು ಇಲಾಖೆಗೆ ಪೂರ್ತಿಯಾಗಿ ಕೊಡದೆ ಬಾಕಿ ಉಳಿಸಿಕೊಳ್ಳುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆ ಬಾಕಿಯನ್ನು ವಸೂಲು ಮಾಡುವುದು ತಮ್ಮ ಹಕ್ಕು ಮಾತ್ರವಲ್ಲ, ಓದುಗರ ಪರವಾಗಿ ತಮ್ಮ ಮೇಲಿರುವ ಹೊಣೆ ಕೂಡ. ಆ ಅಧಿನಿಯಮ ಬಂದ ದಿನಗಳಲ್ಲಿ, ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ಅವರು ಬೆಂಗಳೂರಿನಲ್ಲಿಯೇ ನೆಲೆಸಿದ್ದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಓದುಗನ ಸಮಯ ಉಳಿಯಬೇಕು ಎಂಬುವು ಅವರ ಐದು ಸೂತ್ರಗಳಲ್ಲಿ ಎರಡು. ನಮ್ಮ ರಿವೈಂಡಿಂಗ್ ಹುಡುಗನ ಪುಸ್ತಕವೂ ಸಿಗಲಿಲ್ಲ, ಸಮಯವೂ ಉಳಿಯಲಿಲ್ಲ.

ಈಗ ನಮ್ಮ ಗ್ರಂಥಾಲಯದ ಒಳಗೆ ಬಂದರೆ ಕಾಣುವುದು ಇದು. ಬೆಳಿಗ್ಗೆ ಪತ್ರಿಕೆ ಓದುವ ಹಿರಿಯರು. ಹತ್ತು ಗಂಟೆಯ ಮೇಲೆ ಎಫ್‌ಡಿಎ, ಪಿಎಸ್‌ಐ, ಟಿಇಟಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಇವರಲ್ಲಿ ಬಹಳ ಮಂದಿ ಗ್ರಂಥಾಲಯದ ಪುಸ್ತಕ ಮುಟ್ಟುವುದಿಲ್ಲ, ಮನೆಯಿಂದ ತಂದ ಗೈಡನ್ನು ಓದುತ್ತಾರೆ. ಅವರಿಗೆ ಬೇಕಾಗಿರುವುದು ಕುರ್ಚಿ ಮತ್ತು ಫ್ಯಾನು. ಅದನ್ನು ನಾನು ಆಕ್ಷೇಪಿಸುವುದಿಲ್ಲ, ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಕುರ್ಚಿಯೂ ದೊಡ್ಡ ಸೌಲಭ್ಯವೇ. ಆದರೆ ಕಪಾಟಿನಲ್ಲಿ ಕಾದಂಬರಿ ಮತ್ತು ಸ್ಪರ್ಧಾ ಪರೀಕ್ಷೆಯ ಪುಸ್ತಕಗಳ ನಡುವೆ ಎಲೆಕ್ಟ್ರಿಷಿಯನ್ನನಿಗೆ, ದರ್ಜಿಗೆ, ಸಣ್ಣ ವ್ಯಾಪಾರಿಗೆ, ಸಂಖ್ಯಾಶಾಸ್ತ್ರ ಕಲಿಯಬೇಕೆನ್ನುವ ಗುಮಾಸ್ತನಿಗೆ ಬೇಕಾದದ್ದು ಎಷ್ಟಿದೆ ಎಂದು ಎಣಿಸಿ ನೋಡಬೇಕು. ಇಲಾಖೆಯ ಸಗಟು ಖರೀದಿಯಲ್ಲಿ ಯಾವ ಪುಸ್ತಕ ಆಯ್ಕೆಯಾಗಬೇಕೆಂದು ಲೇಖಕರೂ ಪ್ರಕಾಶಕರೂ ಪ್ರತಿ ವರ್ಷ ಚರ್ಚಿಸುತ್ತಾರೆ. ಏನು ಕಲಿಯಬೇಕೆಂದಿದ್ದೀರಿ ಎಂದು ಓದುಗರನ್ನು ಕೇಳಿದ್ದನ್ನು ನಮ್ಮ ಊರಿನಲ್ಲಿ ನಾನು ಕಂಡಿಲ್ಲ.

ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಕಲಿಕೆಯ ಕೈಪಟ್ಟಿಗಳದು. ಒಂದು ವಿಷಯಕ್ಕೆ ಒಂದು ಕೈಪಟ್ಟಿ, ಅದು ಎರಡು ಪುಟ ಮೀರಬಾರದು: ಎಲ್ಲಿಂದ ಆರಂಭಿಸಬೇಕು, ಆರಂಭಕ್ಕೆ ಮುಂಚೆ ಏನು ತಿಳಿದಿರಬೇಕು, ಯಾವ ಪುಸ್ತಕದ ಯಾವ ಅಧ್ಯಾಯ, ಅದು ಈ ಗ್ರಂಥಾಲಯದಲ್ಲಿ ಇದೆಯೇ, ಉಚಿತ ಪಾಠ ಎಲ್ಲಿದೆ, ಇಂಗ್ಲಿಷ್ ಎಷ್ಟು ಬೇಕಾಗುತ್ತದೆ, ಎಲ್ಲಿ ಹಣ ಕೊಡುವ ಅಗತ್ಯ ನಿಜವಾಗಿಯೂ ಇದೆ. ಪ್ರತಿ ಕೈಪಟ್ಟಿಯ ಕೆಳಗೆ ಸಿದ್ಧಪಡಿಸಿದವರ ಹೆಸರು, ಪರಿಶೀಲಿಸಿದವರ ಹೆಸರು, ಪರಿಶೀಲಿಸಿದ ವರ್ಷ ಇರಲೇಬೇಕು. ಓದುಗನಿಗೆ ನಂಬಿಕೆ ಬರುವುದು ಅದರಿಂದ. ತಪ್ಪು ಕಂಡರೆ ತಿಳಿಸುವುದಕ್ಕೆ ಒಂದು ವಿಳಾಸವೂ ಇರಲಿ. ಘರ್ಷಣೆಯ ಕಥೆ ಹೇಳಿದ ಆ ವಿಡಿಯೊದಲ್ಲಿ ಹೇಳಿದವರ ಓದು ಏನು, ಯಾರು ನೋಡಿ ಸರಿ ಎಂದರು ಎಂಬುದು ಇರಲಿಲ್ಲ. ಈಗ ಕೃತಕ ಬುದ್ಧಿಮತ್ತೆ ಕೊಡುವ ಉತ್ತರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ಉಪಯೋಗಕ್ಕೆ ಬರುತ್ತವೆ, ಆದರೆ ಹೊಸದಾಗಿ ಕಲಿಯುವವನು ಅವುಗಳಲ್ಲಿನ ತಪ್ಪನ್ನು ಹಿಡಿಯಲಾರ. ಹಿಡಿಯಬಲ್ಲವನಾಗಿದ್ದರೆ ಅವನು ಕಲಿಯಲು ಕೂರುತ್ತಲೇ ಇರಲಿಲ್ಲ. ಕೈಪಟ್ಟಿ ಬರೆಯುವುದಕ್ಕೆ ಸಮಿತಿ, ಉಪಸಮಿತಿ ಬೇಡ. ಪ್ರತಿ ಜಿಲ್ಲೆಯಲ್ಲಿಯೂ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಐಟಿಐ ಬೋಧಕರು, ಪಾಲಿಟೆಕ್ನಿಕ್ ಅಧ್ಯಾಪಕರು, ನನ್ನಂಥ ನಿವೃತ್ತರು ಇದ್ದಾರೆ, ಕರೆದರೆ ಬರುತ್ತಾರೆ.

ಹಳ್ಳಿಗಳ ಮಟ್ಟಿಗೆ ಒಂದು ತೊಡಕಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ತಮ್ಮ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಅರಿವು ಕೇಂದ್ರಗಳೆಂದು ಹೆಸರು ಪಡೆದಿವೆ. ಓದುವ ಬೆಳಕು ಕಾರ್ಯಕ್ರಮದ ಮೂಲಕ ಮಕ್ಕಳನ್ನು ಒಳಗೆ ಕರೆತಂದದ್ದಕ್ಕೆ ಆ ಇಲಾಖೆಯವರನ್ನು ಮೆಚ್ಚಬೇಕು. ಆದರೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಏನಿದೆ ಎಂಬುದು ಹಳ್ಳಿಯ ಮೇಲ್ವಿಚಾರಕರಿಗೆ ಕಾಣುವುದಿಲ್ಲ, ಅಲ್ಲಿಂದ ಇಲ್ಲಿಗೆ ಪುಸ್ತಕ ತರಿಸಿಕೊಳ್ಳುವ ವ್ಯವಸ್ಥೆ ನಮ್ಮ ಕಡೆ ಇಲ್ಲ. ಕಲಿಯುವವನಿಗೆ ಎರಡು ಇಲಾಖೆಗಳ ಗೊಡವೆ ಬೇಡ. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಸ್ಪೋಕನ್ ಟ್ಯುಟೋರಿಯಲ್‌ನ ಕನ್ನಡ ಪಾಠಗಳನ್ನೂ ಪಠ್ಯಪುಸ್ತಕಗಳನ್ನೂ ಮೊದಲೇ ಇಳಿಸಿಟ್ಟು, ಒಂದೆರಡು ಹೆಡ್‌ಫೋನ್ ಕೊಟ್ಟರೆ, ನೆಟ್‌ವರ್ಕ್ ಸಿಗದ ದಿನವೂ ಕಲಿಕೆ ನಡೆಯುತ್ತದೆ. ಸಂಜೆ ಆರರ ಮೇಲೆ ಒಂದು ಗಂಟೆ ಬಾಗಿಲು ತೆರೆದಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ದುಡಿಯುವವರಿಗೆ ಬಿಡುವಾಗುವುದೇ ಆಗ.

ಕುಲಪತಿಗಳಿಗೆ ಹೇಳಬೇಕಾದ ಮಾತು ಬೇರೆ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವುಗಳನ್ನು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವೂ ಉಪನ್ಯಾಸ ಗ್ರಂಥಮಾಲೆಯ ಮೂಲಕ ಆ ಕೆಲಸ ಮಾಡಿತು. ತರಗತಿಯ ಹೊರಗಿನವರಿಗೆ ಕಲಿಸುವುದು ಯಾರೋ ಹೊಸದಾಗಿ ಹೊರಿಸುತ್ತಿರುವ ಹೊರೆ ಏನೂ ಅಲ್ಲ. ಆ ಹೊತ್ತಗೆಗಳನ್ನು ಸ್ಕ್ಯಾನ್ ಮಾಡಿ ಮುಕ್ತವಾಗಿ ಹಂಚಬಹುದು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು, ಅದರಿಂದ ವಿಶ್ವವಿದ್ಯಾನಿಲಯಕ್ಕೆ ನಷ್ಟವೇನೂ ಆದಂತಿಲ್ಲ. ಅದೇ ರೀತಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಿಂದ ಸಿದ್ಧಪಡಿಸಿಕೊಂಡು ಬಂದಿರುವ ಕನ್ನಡದ ಸ್ವ-ಅಧ್ಯಯನ ಪಾಠಗಳನ್ನು ಶುಲ್ಕ ಕಟ್ಟಿ ದಾಖಲಾಗದವರೂ ವಿಷಯವಾರು ಹುಡುಕಿ ಓದುವಂತೆ ಪೂರ್ತಿಯಾಗಿ ತೆರೆದಿಡಬೇಕು. ಪದವಿ ಬೇಕೆನ್ನುವವರು ಹೇಗೂ ಶುಲ್ಕ ಕಟ್ಟುತ್ತಾರೆ, ತಿಳಿವಳಿಕೆ ಮಾತ್ರ ಬೇಕೆನ್ನುವವರಿಂದ ವಿಶ್ವವಿದ್ಯಾನಿಲಯಕ್ಕೆ ಈಗ ಬರುತ್ತಿರುವ ಆದಾಯವಾದರೂ ಏನು? ಹೊರಗಿನವನೊಬ್ಬ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೂತು ಓದುವುದಕ್ಕೆ ಶಿಫಾರಸು ಪತ್ರ ಕೇಳುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲಿ ಅದು ಹೋಗಬೇಕು, ಗುರುತಿನ ಚೀಟಿ ಸಾಕು.

ಸಂಶೋಧನಾ ನಿಯತಕಾಲಿಕಗಳ ವಿಚಾರದಲ್ಲಂತೂ ಅನ್ಯಾಯ ಎದ್ದು ಕಾಣುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ, 2025ರಿಂದ 2027ರವರೆಗೆ ಸುಮಾರು 6,000 ಕೋಟಿ ರೂಪಾಯಿ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆಯಿತು. ಒಳ್ಳೆಯ ಯೋಜನೆ. ಆದರೆ ಮೆಣಸಿನಕಾಯಿ ಬೆಳೆಯ ರೋಗದ ಬಗ್ಗೆ ಹೊಸ ಸಂಶೋಧನೆ ಓದಬೇಕೆನ್ನುವ ಬ್ಯಾಡಗಿಯ ಕೃಷಿಕನಿಗೂ, ರೋಗಿಯೊಬ್ಬರ ಆರೈಕೆಯಲ್ಲಿ ತೊಡಗಿದ ಮನೆಯವರಿಗೂ, ಸ್ಥಳೀಯ ಇತಿಹಾಸ ಬರೆಯುವ ಪತ್ರಕರ್ತನಿಗೂ ಅದರಲ್ಲಿ ಜಾಗವಿಲ್ಲ. ಹಣವೇನೋ ಎಲ್ಲರ ತೆರಿಗೆಯದು. ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕನಿಷ್ಠ ಒಂದು ಕಂಪ್ಯೂಟರಿಗೆ ಈ ಚಂದಾ ವಿಸ್ತರಿಸಬೇಕೆಂದು ಕೇಂದ್ರಕ್ಕೆ ರಾಜ್ಯದ ಪರವಾಗಿ ಬರೆಯಬೇಕಾದ ಇಲಾಖೆ ತಮ್ಮದು.

ಪ್ರಮಾಣಪತ್ರದ ಮಾತನ್ನು ಎತ್ತದೆ ಬಿಟ್ಟರೆ ಯುವಜನರು ನನ್ನನ್ನು ಒಪ್ಪುವುದಿಲ್ಲ. ಕಲಿತದ್ದಕ್ಕೆ ಕಾಗದ ಬೇಕೆನ್ನುವವರಿಗೆ ಎನ್‌ಪಿಟಿಇಎಲ್ ಸಾಮಾನ್ಯವಾಗಿ 1,000 ರೂಪಾಯಿ ಶುಲ್ಕ ಪಡೆದು ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಸುತ್ತದೆ, ಪಾಠಕ್ಕೆ ಶುಲ್ಕವಿಲ್ಲ. ಹತ್ತಾರು ಸಾವಿರ ಕೊಟ್ಟು ಪಡೆಯುವ, ಪರೀಕ್ಷೆಯೇ ಇಲ್ಲದ ಬಣ್ಣದ ಕಾಗದಕ್ಕಿಂತ ಇದು ಹೆಚ್ಚಿನದು ಎಂಬುದನ್ನು ಕೈಪಟ್ಟಿಯಲ್ಲಿ ಒಂದು ವಾಕ್ಯದಲ್ಲಿ ಬರೆದರೂ ಎಷ್ಟೋ ಮನೆಗಳ ಸಾಲ ತಪ್ಪುತ್ತದೆ.

ಇಡೀ ರಾಜ್ಯಕ್ಕೆ ಒಮ್ಮೆಗೇ ಯೋಜನೆ ಮಾಡಿರೆಂದು ನಾನು ಕೇಳುವುದಿಲ್ಲ, ಹಾಗೆ ಮಾಡಿದ ಯೋಜನೆಗಳು ಉದ್ಘಾಟನೆಯ ಫಲಕದಲ್ಲಿ ನಿಲ್ಲುವುದನ್ನು ನೋಡಿದ್ದೇನೆ. ಒಂದು ಜಿಲ್ಲೆಯಲ್ಲಿ, ಎಲೆಕ್ಟ್ರಿಕಲ್ ಕೆಲಸ, ಲೆಕ್ಕಪತ್ರ, ಕಂಪ್ಯೂಟರಿನ ಮೊದಲ ಪಾಠ ಮತ್ತು ಇಂಗ್ಲಿಷ್ ಓದುವ ಅಭ್ಯಾಸ ಎಂಬ ನಾಲ್ಕು ವಿಷಯಗಳಿಗೆ ಕೈಪಟ್ಟಿ ಮಾಡಿ, ಅವುಗಳಲ್ಲಿ ಹೆಸರಿಸಿದ ಪುಸ್ತಕಗಳನ್ನು ಮುಂದಿನ ಖರೀದಿಯಲ್ಲಿ ತರಿಸಿ, ಕೈಪಟ್ಟಿಯನ್ನು ಗ್ರಂಥಾಲಯದ ಬಾಗಿಲಿನಲ್ಲಿ ಅಂಟಿಸಿದರೆ ಆರಂಭಕ್ಕೆ ಸಾಕು. ಮೊದಲ ಎರಡು ವಿಷಯಗಳ ಕರಡು ನಮ್ಮಲ್ಲಿ ಕೆಲವರ ಬಳಿ ಸಿದ್ಧವಿದೆ, ನಮ್ಮ ಊರಿನ ಐಟಿಐ ಬೋಧಕರೊಬ್ಬರೂ ಪಿಯು ಕಾಲೇಜಿನ ವಾಣಿಜ್ಯ ಉಪನ್ಯಾಸಕಿಯೊಬ್ಬರೂ ಅವನ್ನು ತಿದ್ದಿಕೊಟ್ಟಿದ್ದಾರೆ. ಅವುಗಳನ್ನು ತಮ್ಮ ಇಲಾಖೆಯ ಯಾವ ಅಧಿಕಾರಿಗೆ ಒಪ್ಪಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿದರೆ ತಂದು ಒಪ್ಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಹಾವೇರಿ ಜಿಲ್ಲೆ